ನಾವಿಬ್ಬರೇ ಮೊದಲ ಸಲ ಕ್ರೂಸ್‌ಗೆ ಹೊರಟಿದ್ದೇವೆ, ಹೋಗಿಬಂದ ಜೋಡಿಗಳು ಹೇಳಿ

ಪ್ರಶ್ನೆ: ಮದುವೆಯಾಗಿ ಇಷ್ಟು ವರ್ಷಕ್ಕೆ ನಾವಿಬ್ಬರೇ ದೂರ ಹೋಗುತ್ತಿರುವುದು ಇದೇ ಮೊದಲು. ಒಂದು ವಾರದ ಕ್ರೂಸ್. ಹೊರಡಲು ಇನ್ನೂ ಕೆಲವು ತಿಂಗಳಿದೆ, ನನಗಂತೂ ಈಗಲೇ ಖುಷಿಗೆ ನಿದ್ದೆ ಬರುತ್ತಿಲ್ಲ. ನಮ್ಮ ಮನೆಯವರಿಗೆ ಮಾತ್ರ ಹಡಗು ಅಲುಗಾಡಿ ವಾಂತಿಯಾದರೆ ಏನು ಗತಿ ಅಂತ ಒಳಗೊಳಗೇ ಭಯ. ಈಗಿನಿಂದಲೇ ಏನೇನು ನೋಡಿಕೊಳ್ಳಬೇಕು, ಹೇಳ್ತೀರಾ?

ಉತ್ತರ: ಮೊದಲು ಅವರ ಭಯದ ಮಾತು. ಅದನ್ನು ಸುಮ್ನೆ ತಳ್ಳಿಹಾಕಬೇಡಿ, ಮೊದಲೇ ನೋಡಿಕೊಂಡರೆ ತುಂಬ ಕಡಿಮೆಯಾಗುತ್ತದೆ. ಅಲೆ ಬಂದಾಗ ಹಡಗಿನ ಮುಂದಿನ ತುದಿ, ಹಿಂದಿನ ತುದಿ ಏಳುವಷ್ಟು ನಡುಭಾಗ ಏಳುವುದಿಲ್ಲ. ಮೇಲಿನ ಡೆಕ್, ಅಂದರೆ ಹಡಗಿನ ಮಹಡಿ, ತೂಗುವಷ್ಟು ಕೆಳಗಿನದು ತೂಗುವುದಿಲ್ಲ. ಕ್ಯಾಬಿನ್ ಇನ್ನೂ ಗೊತ್ತಾಗಿಲ್ಲ ಅಂದರೆ ಕೆಳಗಿನ ಡೆಕ್, ನಡುವಿನ ಜಾಗ ಕೇಳಿ. ದೊಡ್ಡ ಹಡಗುಗಳಿಗೆ ನೀರಿನೊಳಗೆ ಎರಡೂ ಪಕ್ಕ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತವೆ. ಪಕ್ಕಕ್ಕೆ ಹೊಯ್ದಾಡುವುದನ್ನು ಅವು ಚೆನ್ನಾಗಿ ತಗ್ಗಿಸುತ್ತವೆ. ವಾಂತಿ ತಡೆಯುವ ಮಾತ್ರೆಯನ್ನು ಹೊಟ್ಟೆ ತೊಳಸಲು ಶುರುವಾಗುವ ಮೊದಲೇ ತಗೊಳ್ಳಬೇಕು, ಆಮೇಲೆ ನುಂಗಿದರೆ ಅಷ್ಟು ಕೆಲಸ ಮಾಡುವುದಿಲ್ಲ. ಬೇರೆ ಔಷಧಿ ನಡೆಯುತ್ತಿದ್ದರೆ ಡಾಕ್ಟರ್ ಹತ್ತಿರ ಕೇಳಿಯೇ ತಗೊಳ್ಳಲಿ.

ನನ್ನ ಹೆಂಡತಿಗೆ ಮೊದಲ ದಿನ ಮಧ್ಯಾಹ್ನ ತಲೆ ಸುತ್ತಿತು. ಕ್ಯಾಬಿನ್‌ನಲ್ಲಿ ಮಲಗಿ ಫೋನ್ ನೋಡುತ್ತಿದ್ದಳು, ಇನ್ನೂ ಜಾಸ್ತಿಯಾಯಿತು. ಹೊರಗೆ ಕರೆದುಕೊಂಡು ಬಂದೆ. ಕಂಬಿ ಹಿಡಿದು, ನೀರು ಆಕಾಶ ಸೇರುವ ಗೆರೆಯನ್ನೇ ನೋಡುತ್ತ ನಿಂತಳು. ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಬಿಗಿಹಿಡಿದ ಕೈ ಸಡಿಲವಾಯಿತು, ಆಮೇಲೆ ಮಾತು ಶುರುವಾಯಿತು. ಕಿವಿಯೊಳಗೆ ಗೊತ್ತಾಗುವ ಅಲುಗಾಟಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳ ತಪ್ಪಿದಾಗ ಹೀಗಾಗುತ್ತದೆ. ದೂರದ ಗೆರೆ ಕಂಡರೆ ಎರಡೂ ಮತ್ತೆ ಹೊಂದಿಕೊಳ್ಳುತ್ತವೆ.

ಉತ್ತರ: ಅಕ್ಕಾ, ನಿಮ್ಮ ಪ್ರಶ್ನೆ ಓದಿ ನನಗೇ ಮತ್ತೆ ಹೊರಡಬೇಕು ಅನಿಸಿತು. ಈ ಕಾಯುವ ತಿಂಗಳುಗಳು ಸುಮ್ನೆ ಕಳೆದುಹೋಗಲು ಬಿಡಬೇಡಿ. ನನ್ನ ಮಟ್ಟಿಗೆ ರಜೆ ಅಲ್ಲಿಂದಲೇ ಶುರು. ನಾವಿಬ್ಬರೂ ರಾತ್ರಿ ಊಟ ಮುಗಿಸಿ ಹಡಗಿನ ಡೆಕ್ ನಕ್ಷೆ ತೆರೆದು ಕೂರುತ್ತಿದ್ದೆವು. ಆಗಲೇ ತಿಳಿದದ್ದು, ನನಗೆ ಸಂಗೀತ, ನಾಟಕ, ಡ್ಯಾನ್ಸ್ ಎಲ್ಲವೂ ಬೇಕು, ಅವರಿಗೆ ಬಾಲ್ಕನಿಯಲ್ಲಿ ಏನೂ ಮಾಡದೆ ಕೂರಬೇಕು. ಇದು ಹಡಗು ಹತ್ತಿದ ಮೇಲೆ ಗೊತ್ತಾಗಿದ್ದರೆ ಇಬ್ಬರಿಗೂ ಬೇಜಾರು, ಅಲ್ವಾ? ಬೆಳಗ್ಗೆ ಅವರವರ ಇಷ್ಟ, ಸಂಜೆಯಿಂದ ಜೊತೆ ಅಂತ ಮಾತಾಡಿಕೊಂಡೆವು. ಬೆಳಗ್ಗೆ ಕಂಡದ್ದನ್ನು ಸಂಜೆ ಹೇಳಿಕೊಳ್ಳುವುದಿತ್ತಲ್ಲ, ಅಷ್ಟು ಮಾತು ಮನೆಯಲ್ಲಿ ಎಂದೂ ಆಡಿರಲಿಲ್ಲ. ಒಂದು ವಾರ ಪೂರ್ತಿ ಒಬ್ಬರಿಗೊಬ್ಬರು ಅಂಟಿಕೊಂಡೇ ಇರಬೇಕಿಲ್ಲ. ಕ್ಯಾಬಿನ್ ಮನೆಯ ರೂಮಿಗಿಂತ ಚಿಕ್ಕದು, ಸ್ವಲ್ಪ ಅಂತರ ಇದ್ದರೇ ಚೆಂದ.

ಎರಡು ವಿಷಯ ಈಗಲೇ ಹೇಳಿಡಿ. ಎಷ್ಟೋ ಕ್ಯಾಬಿನ್‌ಗಳಲ್ಲಿ ಎರಡು ಒಂಟಿ ಮಂಚಗಳನ್ನೇ ಜೋಡಿಸಿ ಡಬಲ್ ಮಾಡುತ್ತಾರೆ, ಹೇಗೆ ಬೇಕು ಅಂತ ತಿಳಿಸಿ. ದೊಡ್ಡ ಡೈನಿಂಗ್ ಹಾಲ್‌ನಲ್ಲಿ ಬೇರೆಯವರ ಜೊತೆ ಕೂರಿಸುವುದುಂಟು. ಇಬ್ಬರದ್ದೇ ಟೇಬಲ್ ಬೇಕಾದರೆ ಮೊದಲೇ ಕೇಳಬೇಕು, ಅವು ಕಡಿಮೆ ಇರುತ್ತವೆ.

ಉತ್ತರ: ಪಾಸ್‌ಪೋರ್ಟ್ ಅವಧಿ ಇವತ್ತೇ ನೋಡಿ. ಪ್ರವಾಸ ಮುಗಿದ ಮೇಲೂ ಆರು ತಿಂಗಳು ಉಳಿದಿರಬೇಕು ಅಂತ ಅನೇಕ ದೇಶಗಳು ಕೇಳುತ್ತವೆ. ಹೊರಟ ದೇಶಕ್ಕೇ ವಾಪಸ್ ಬಂದು ಇಳಿಯುವುದಾದರೆ ವೀಸಾ ಎರಡನೇ ಸಲ ಒಳಬರಲು ನಡೆಯುತ್ತದೆಯೇ ಅಂತ ಖಚಿತ ಮಾಡಿಕೊಳ್ಳಿ. ವಿಮೆಯಲ್ಲಿ ಸಮುದ್ರದ ನಡುವಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿರಲಿ. ಹಡಗಿನ ಡಾಕ್ಟರ್ ಫೀಸೇ ಭಾರಿ. ಬಂದರಿನ ಊರಿಗೆ ಒಂದು ದಿನ ಮೊದಲೇ ಹೋಗಿ ಉಳಿದುಕೊಳ್ಳಿ. ವಿಮಾನ ತಡವಾದರೆ ಹಡಗು ನಿಮಗಾಗಿ ನಿಲ್ಲುವುದಿಲ್ಲ.

ಉತ್ತರ: ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಹಡಗು ಹತ್ತಿದ ದಿನ ಸುರಕ್ಷತಾ ಅಭ್ಯಾಸ ಇರುತ್ತದೆ, ತಪ್ಪಿಸಬೇಡಿ. 2012ರಲ್ಲಿ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಕ್ರೂಸ್ ಹಡಗು ಇಟಲಿಯ ತೀರದಲ್ಲಿ ಬಂಡೆಗೆ ಬಡಿದು ಮಗುಚಿದ ಮೇಲೆ ನಿಯಮ ಬಿಗಿಯಾಯಿತು. ಈಗ ಹೊರಡುವ ಮೊದಲು ಇಲ್ಲವೇ ಹೊರಟ ಕೂಡಲೇ ಇದನ್ನು ಮಾಡಲೇಬೇಕು. ಏಳು ಸಲ ಚಿಕ್ಕದಾಗಿ, ಆಮೇಲೆ ಒಂದು ಸಲ ಉದ್ದವಾಗಿ ಸೈರನ್ ಕೂಗಿದರೆ ನೀವು ಎಲ್ಲಿ ಸೇರಬೇಕು ಅನ್ನುವುದು ಇಬ್ಬರಿಗೂ ಗೊತ್ತಿರಲಿ. ಆಗ ಇಬ್ಬರೂ ಒಂದೇ ಕಡೆ ಇರುತ್ತೀರಿ ಅಂತ ಹೇಳಲಾಗದು.

ಫೋನ್ ಏರ್‌ಪ್ಲೇನ್ ಮೋಡ್‌ನಲ್ಲೇ ಇರಲಿ. ಇಲ್ಲದಿದ್ದರೆ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದುಕೊಂಡು ಬಿಲ್ ಏರಿಸಬಹುದು. ಇಸ್ತ್ರಿ ಪೆಟ್ಟಿಗೆ ಒಯ್ಯಬೇಡಿ, ಬೆಂಕಿಯ ಭಯಕ್ಕೆ ಹತ್ತುವಾಗಲೇ ತೆಗೆದಿಡುತ್ತಾರೆ. ಊಟಕ್ಕೆ ಮುಂಚೆ ಸೋಪು ನೀರಿನಲ್ಲೇ ಕೈ ತೊಳೆಯಿರಿ. ಹಡಗಿನಲ್ಲಿ ಹರಡುವ, ವಾಂತಿ ಭೇದಿ ತರುವ ನೊರೊವೈರಸ್ ಸ್ಯಾನಿಟೈಸರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ.

ನಡುವೆ ಬಂದರುಗಳಲ್ಲಿ ಇಳಿದಾಗ ಹಡಗಿನ ಗಡಿಯಾರವೇ ಲೆಕ್ಕ. ಊರಿನ ಸಮಯ ಬೇರೆ ಇರಬಹುದು, ಫೋನ್ ತಾನಾಗಿಯೇ ಅದಕ್ಕೆ ಬದಲಾಗಿಬಿಡುತ್ತದೆ. ಕೈಗಡಿಯಾರ ಕಟ್ಟಿಕೊಂಡು ಹೋಗಿ. ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ. ಮಾತ್ರೆ, ಪಾಸ್‌ಪೋರ್ಟ್, ಬೆಳಗ್ಗೆ ಇಬ್ಬರೂ ಹಾಕಿಕೊಳ್ಳುವ ಬಟ್ಟೆ, ಇಷ್ಟನ್ನು ಅದಕ್ಕೂ ಮುಂಚೆ ಕೈಚೀಲಕ್ಕೆ ತೆಗೆದಿಟ್ಟುಕೊಳ್ಳಿ.