ಸಹಾಯ ಬೇಕು: ಸ್ಪೋರ್ಟ್ಸ್ ಕಾರಿನ ಹಿಂಭಾಗದಲ್ಲಿ ‘ಟಕ್’ ಸದ್ದು

ಎಲ್ಲರಿಗೂ ನಮಸ್ಕಾರ. ಹಿಂದಿನ ಚಕ್ರಕ್ಕೆ ಡ್ರೈವ್ ಇರುವ ಎರಡು ಸೀಟಿನ ಕಾರು, ಮಲ್ಟಿಲಿಂಕ್ ಸಸ್ಪೆನ್ಷನ್ (ಒಂದೊಂದು ಚಕ್ರವನ್ನೂ ಹಲವು ಆರ್ಮ್, ಅಂದರೆ ತೋಳುಗಳು ಹಿಡಿದಿರುತ್ತವೆ). ಹಿಂದೆ ಬಲಗಡೆಯಿಂದ ಗಟ್ಟಿ ಸದ್ದು ಬರ್ತಿದೆ. ಗಂಟೆಗೆ 20 ಕಿ.ಮೀ. ಒಳಗೆ, ಒಂದೇ ಚಕ್ರ ಗುಂಡಿಗೆ ಇಳಿದಾಗ ಮಾತ್ರ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಇಲ್ಲ. ಆಕ್ಸಿಲರೇಟರ್ ಒತ್ತಿ ಬಿಟ್ಟರೂ ಇಲ್ಲ, ಹಾಗಾಗಿ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಕಡೆಯ ಡಿಫರೆನ್ಷಿಯಲ್ ಮೌಂಟ್, ಆಕ್ಸಲ್ ಜಾಯಿಂಟ್ ಮೇಲೆ ಅನುಮಾನ ಕಮ್ಮಿ. ಬ್ರೇಕ್ ಮೆಲ್ಲಗೆ ಒತ್ತಿಕೊಂಡು ಹೋದರೂ ಸದ್ದು ಹಾಗೇ ಇದೆ, ಅಂದರೆ ಪ್ಯಾಡ್ ಅಲುಗಾಟ ಅಲ್ಲ.

ಡಿಕ್ಕಿ ಖಾಲಿ ಮಾಡಿ, ಜಾಕ್ ಕೂಡ ತೆಗೆದು ನೋಡಿದ್ದಾಯಿತು. ಸ್ಟೆಬಿಲೈಜರ್ ಬಾರ್‌ನ (ತಿರುವಿನಲ್ಲಿ ಕಾರು ವಾಲೋದನ್ನು ತಗ್ಗಿಸುವ ಸರಳು) ಲಿಂಕ್ ಎರಡೂ ಕಡೆ ಬಿಚ್ಚಿ, ಬಾರ್ ಕಟ್ಟಿಟ್ಟು ನಿಧಾನಕ್ಕೆ ಓಡಿಸಿದರೂ ಬಂತು. ಶಾಕ್ ಅಬ್ಸಾರ್ಬರ್‌ನ ಮೇಲಿನ ಮೌಂಟ್ ಮೇಲೆ ಕೈಯಿಟ್ಟು ಕಾರು ಕುಲುಕಿಸಿದಾಗ ಏಟು ಸಿಗಲಿಲ್ಲ. ಸ್ಪ್ರಿಂಗ್‌ನ ಕೆಳತುದಿಯೂ ಮುರಿದಿಲ್ಲ. ಉಳಿದಿರೋದು ಆರ್ಮ್ ಬುಷ್ (ಆರ್ಮ್‌ನ ಕೀಲಿನಲ್ಲಿರುವ ರಬ್ಬರ್ ತೋಳವೆ) ಅಥವಾ ಆರ್ಮ್‌ಗಳು ಕೂರುವ ಚೌಕಟ್ಟಾದ ಸಬ್‌ಫ್ರೇಮ್‌ನ ಬುಷ್.

ತೊಂದರೆ ಇರೋದು ಇಲ್ಲಿ: ಎರಡು ಕಂಬದ ಲಿಫ್ಟ್‌ನಲ್ಲಿ ಚಕ್ರ ಜೋತುಬಿದ್ದು ಬುಷ್ ಮೇಲಿನ ಹೊರೆ ಬದಲಾಗುತ್ತೆ, ಬುಷ್‌ನ ಸಡಿಲ ಕಾಣೋದೇ ಇಲ್ಲ. ಕಾರು ಚಕ್ರದ ಮೇಲೇ ನಿಂತಿರುವಾಗ ಕೆಳಗಿನಿಂದ ಸಲಾಕೆ ಹಾಕಿ ಮೀಟಿ ನೋಡಬೇಕು. ಬೆಂಗಳೂರಲ್ಲಿ, ಜೆ.ಸಿ. ರಸ್ತೆ ಆಸುಪಾಸು ಆದರೆ ಇನ್ನೂ ಒಳ್ಳೇದು, ಕಾರನ್ನು ಚಕ್ರದ ಮೇಲೇ ನಿಲ್ಲಿಸಿ ಎತ್ತುವ ನಾಲ್ಕು ಕಂಬದ ಲಿಫ್ಟ್ ಮತ್ತು ಬುಷ್ ಒತ್ತಿ ತೆಗೆದು ಕೂರಿಸುವ ಪ್ರೆಸ್ ಎರಡೂ ಇರುವ ಗ್ಯಾರೇಜ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕಾರು ತೀರಾ ತಗ್ಗು, ರ‍್ಯಾಂಪ್ ಉದ್ದ ಇರಬೇಕು.

ಇನ್ನೊಂದು ಮುಖ್ಯ ವಿಷಯ. ಬುಷ್ ಬೋಲ್ಟ್‌ಗಳನ್ನು ಕಾರು ನೆಲದ ಮೇಲೆ ನಿಲ್ಲುವ ಎತ್ತರದಲ್ಲೇ ಕೊನೆಯ ಬಿಗಿ ಮಾಡೋರೇ ಬೇಕು. ಜೋತುಬಿದ್ದಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತೆ. ಆಮೇಲೆ ಹಿಂದಿನ ಚಕ್ರಗಳ ಟೋ, ಕ್ಯಾಂಬರ್ (ಒಳಗೆ-ಹೊರಗೆ ತಿರುಗಿರುವ ಮತ್ತು ವಾಲಿರುವ ಕೋನ) ಅಲೈನ್‌ಮೆಂಟ್ ಅಲ್ಲೇ ಆದರೆ ಅನುಕೂಲ.

ಇದೇ ಲಕ್ಷಣಕ್ಕೆ ಬೇರೆ ಕಾರಣ ಕಂಡವರಿದ್ದರೆ ಅದನ್ನೂ ಬರೆಯಿರಿ.