ಹೈಸ್ಕೂಲ್ ಖೋ ಖೋ: ಇನ್ನೂ ತಲೆಯಿಂದ ಹೋಗದ ಮ್ಯಾಚ್ ಯಾವುದು?

ನಿಟ್ಟೂರು ಕಡೆಯವನು:

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ಆಯ್ತಲ್ಲ, ಅದರ ಫೈನಲ್ ಮೊನ್ನೆ ಮತ್ತೆ ನೋಡಿದೆ. ಎರಡರಲ್ಲೂ ನಮ್ಮ ಭಾರತದವರು ನೇಪಾಳದ ಮೇಲೆ ಗೆದ್ದಿದ್ದು, ಮಹಿಳೆಯರು 78-40, ಪುರುಷರು 54-36. ಮ್ಯಾಟು, ಲೈಟು, ಕಾಮೆಂಟರಿ ಎಲ್ಲಾ ಜೋರು. ಆದ್ರೆ ನೋಡ್ತಾ ನೋಡ್ತಾ ನನ್ನ ತಲೆ ಓಡಿದ್ದು ಗುಬ್ಬಿ ತಾಲ್ಲೂಕು ಮಟ್ಟದ ನಮ್ಮ ಫೈನಲ್ ಕಡೆಗೆ.

ನಾವು ನಿಟ್ಟೂರು ಹೋಬಳಿ, ಎದುರಿಗೆ ಚೇಳೂರು ಹೋಬಳಿ. ಕೆಂಪು ಮಣ್ಣಿನ ಮೈದಾನ, ಮಧ್ಯೆ ಮಧ್ಯೆ ಜಲ್ಲಿ, ಎರಡು ಕಡೆ ನೀಲಗಿರಿ ಕಂಬ. ಕೊನೇ ಸರದಿಯಲ್ಲಿ ಅಟ್ಟಿಸಿಕೊಂಡು ಹೋಗೋರು ನಾವು. ಅವರ ಮೂರು ಜನರ ಬ್ಯಾಚಿನಲ್ಲಿ ಇಬ್ಬರು ಬೇಗ ಔಟಾದರು. ಉಳಿದಿದ್ದು ಒಬ್ಬ ಸಣಕಲು ಹುಡುಗ. ಅವನನ್ನು ಹಿಡಿದ್ರೆ ಸ್ಕೋರು ಸಮ, ಆಮೇಲೆ ಮತ್ತೆ ಆಟ.

ಅವನು ಓಡಲೇ ಇಲ್ಲ ಗುರು. ನಡೆದ ಹಾಗೆ ಚೈನ್ ಹಾಕ್ತಿದ್ದ, ಕೂತವರ ಮಧ್ಯೆ ಆ ಕಡೆ ಈ ಕಡೆ. ನಮ್ಮವನಿಗೆ ಕೂತವರ ಸಾಲಿನ ನಡು ಪಟ್ಟಿ ದಾಟೋ ಹಾಗಿಲ್ಲ, ಹಿಂದೆ ತಿರುಗೋ ಹಾಗಿಲ್ಲ. ಖೋ ಕೊಟ್ಟು ಕೊಟ್ಟು ನಾವೇ ಸುಸ್ತು. ಕೊನೆಗೆ ನಮ್ಮ ಉದ್ದನೆಯ ಹುಡುಗ ಒಂದು ಕೈಯಲ್ಲಿ ಕಂಬ ಹಿಡಿದು ಡೈವ್ ಹೊಡೆದ. ಅವನ ಬೆರಳು ಆ ಸಣಕಲನ ಅಂಗಿಯ ತುದಿಗೆ ತಾಗಿದ್ದನ್ನ ನಾನು ಎರಡನೇ ಚೌಕದಲ್ಲಿ ಕೂತು ನೋಡಿದ್ದೇನೆ. ಅಂಪೈರ್ ಮಾತ್ರ ಟೈಮ್ ಆಗಿದೆ, ನಾಟೌಟ್ ಅಂದುಬಿಟ್ಟರು. ನಮ್ಮ ಪಿ.ಟಿ. ಮೇಷ್ಟ್ರು ಜಗಳಕ್ಕೆ ಹೋಗಲಿಲ್ಲ, ಸುಮ್ನೆ ಗ್ಲೂಕೋಸ್ ಪ್ಯಾಕೆಟ್ ಹರಿದು ಎಲ್ಲರ ಕೈಗೆ ಹಾಕಿದರು.

ನಿಮ್ಮದೂ ಇಂಥ ಮ್ಯಾಚ್ ಇದ್ರೆ ಬರೆಯಿರಿ. ಆಡಿದ್ದೇ ಆಗಬೇಕಂತಿಲ್ಲ, ನೋಡಿದ್ದಾದ್ರೂ ಸರಿ.

ಚಿಂತಾಮಣಿ ಅಕ್ಕ:

ನಮ್ಮದು ಹುಡುಗಿಯರ ಮ್ಯಾಚ್, ಚಿಂತಾಮಣಿಯಲ್ಲಿ. ನಿಕ್ಕರ್, ಟೀ ಶರ್ಟ್ ಎಲ್ಲಾ ಆಗ ಇರಲಿಲ್ಲ. ಯೂನಿಫಾರ್ಮ್ ಚೂಡಿದಾರದಲ್ಲೇ ಆಟ, ದುಪ್ಪಟ್ಟಾ ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡು, ಜಡೆ ಎರಡೂ ಮಡಿಚಿ ರಿಬ್ಬನ್ ಹಾಕಿಕೊಂಡು.

ನಮ್ಮ ಟೀಮಿನಲ್ಲಿ ಒಬ್ಬಳಿದ್ದಳು, ಓಟದಲ್ಲಿ ಅವಳನ್ನು ಮೀರಿಸೋರಿಲ್ಲ, ಆದ್ರೆ ಬಾಯಿ ಬಿಟ್ಟು ಮಾತಾಡೋದೇ ಇಲ್ಲ. ಕ್ಲಾಸಲ್ಲಿ ಹಾಜರಿ ಹೇಳಿದ್ರೂ ಟೀಚರ್‌ಗೆ ಕೇಳಿಸ್ತಿರಲಿಲ್ಲ. ಖೋ ಅಂತ ಜೋರಾಗಿ ಹೇಳದಿದ್ರೆ ಫೌಲ್ ಅಲ್ವಾ? ಬೆನ್ನು ಮುಟ್ಟಿ ಮೆಲ್ಲಗೆ ಏನೋ ಅಂತಾಳೆ, ಕೂತವಳು ಎದ್ದು ಓಡ್ತಾಳೆ, ಅಂಪೈರ್ ಸೀಟಿ ಊದಿ ವಾಪಸ್ ಕರೀತಾರೆ. ಎರಡು ಸಲ ಹೀಗಾಗಿ ರನ್ನರ್ ಆರಾಮಾಗಿ ಇನ್ನೊಂದು ಕಂಬ ಸೇರಿಕೊಂಡಳು. ನಮ್ಮ ಕ್ಯಾಪ್ಟನ್ ಕೂತಲ್ಲಿಂದಲೇ ಬೈದಳು ನೋಡಿ, ಬರೆಯೋ ಮಾತಲ್ಲ ಅದು. ಮುಂದಿನ ಸಲ ಇವಳು "ಖೋ" ಅಂತ ಕಿರುಚಿದ ಜೋರಿಗೆ ಮುಂದೆ ಕೂತಿದ್ದವಳು ಹೆದರಿ ಕೈ ಊರಿ ಬಿದ್ದೇ ಬಿಟ್ಟಳು. ಬೇಲಿ ಹತ್ತಿರ ಕಳ್ಳೇಕಾಯಿ ಮಾರ್ತಿದ್ದ ಅಜ್ಜಿಯೂ ನಕ್ಕರು. ಅವತ್ತಿಂದ ಅವಳ ಹೆಸರೇ ಖೋ ಆಯ್ತು. ಮದುವೆ ಮನೆಯಲ್ಲೂ ನಾವು ಹಾಗೇ ಕರೆದಿದ್ದು, ಗಂಡಿನ ಕಡೆಯವರಿಗೆ ಅರ್ಥ ಆಗಲಿಲ್ಲ.

ಗೆದ್ವಾ ಅಂತ ಕೇಳ್ತೀರಾ? ಗೆದ್ವಿ. ಮುಂದಿನ ಮಟ್ಟದಲ್ಲಿ ಮೊದಲ ಮ್ಯಾಚಿಗೇ ಮನೆಗೆ ಬಂದ್ವಿ.

ಕೊರಟಗೆರೆ ಬಾಯ್:

ನಮಗೆ ನಿಮ್ಮ ಗುಬ್ಬಿಯವರ ಆಟ ನೋಡೋ ಭಾಗ್ಯವೇ ಇರಲಿಲ್ಲ ಸರ್. ನಮ್ಮದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಸಿರಾ, ಪಾವಗಡ, ಮಧುಗಿರಿ, ಕೊರಟಗೆರೆ, ಇಷ್ಟೇ ನಮ್ಮ ಪ್ರಪಂಚ. ಒಂದೇ ತುಮಕೂರು ಜಿಲ್ಲೆ ಅಂತಾರೆ, ಆದ್ರೆ ತಿಪಟೂರು, ಗುಬ್ಬಿ ಟೀಮ್ ಎದುರಾಗಬೇಕಂದ್ರೆ ವಿಭಾಗ ಮಟ್ಟಕ್ಕೇ ಹೋಗಬೇಕು. ಪಾವಗಡದ ಹುಡುಗರು ಆಟದ ಮಧ್ಯೆ ತೆಲುಗಲ್ಲಿ ಮಾತಾಡಿಕೊಂಡು ಪ್ಲಾನ್ ಮಾಡ್ತಿದ್ದರು. ನಮ್ಮಲ್ಲಿ ಒಬ್ಬನಿಗೆ ತೆಲುಗು ಬರ್ತಿತ್ತು, ಅವನು ಮ್ಯಾಚ್ ಮುಗಿಯೋವರೆಗೂ ಬಾಯಿ ಬಿಡಲಿಲ್ಲ. ಅದೊಂದೇ ಮ್ಯಾಚ್ ನಾವು ಅವರ ಮೇಲೆ ಗೆದ್ದಿದ್ದು.

ಚೇಳೂರು ಹಲಸು:

ನಿಟ್ಟೂರು ಅಣ್ಣ, ಆ ಮ್ಯಾಚಲ್ಲಿ ನಾನೂ ಇದ್ದೆ. ಆ ಸಣಕಲು ಹುಡುಗ ನಮ್ಮ ಪಕ್ಕದ ಬೀದಿಯವನು. ನಡೆದ ಹಾಗೆ ಆಡ್ತಿದ್ದ ಅಂದಿರಲ್ಲ, ಅದು ಸ್ಟೈಲ್ ಅಲ್ಲ. ಹಿಂದಿನ ದಿನ ಹಿಮ್ಮಡಿಗೆ ಜಾಲಿಮುಳ್ಳು ಹೊಕ್ಕಿತ್ತು. ಆಡಬೇಡ ಅಂದ್ರೂ ಕೇಳದೆ ಬಂದಿದ್ದ. ಓಡೋಕೆ ಆಗ್ತಿರಲಿಲ್ಲ, ಅದಕ್ಕೇ ಚೈನ್ ಹಿಡಿದ. ರಿಂಗ್, ಅಂದ್ರೆ ಸುತ್ತು ಹಾಕಿ ಓಡೋ ಆಟ, ಆಡಿದ್ದಿದ್ರೆ ನಿಮ್ಮ ಕೈಗೆ ಸಿಕ್ಕಿರ್ತಿದ್ದ.

ಇನ್ನು ಆ ಡೈವ್ ವಿಷಯ. ಕೈ ತಾಗಿತು ಅಂತಲೇ ಇಟ್ಟುಕೊಳ್ಳಿ. ನಿಮ್ಮ ಉದ್ದನೆಯ ಹುಡುಗನ ಎಡಗಾಲು ಎಲ್ಲಿತ್ತು? ನಡು ಪಟ್ಟಿಯ ಮೇಲೆ. ಸುಣ್ಣದ ಗೆರೆ ಅಳಿಸಿ ಹೋಗಿದ್ದನ್ನ ಆಮೇಲೆ ಹೋಗಿ ನೋಡಿದ್ದೇವೆ. ಫೌಲ್ ಮಾಡಿ ಮುಟ್ಟಿದ್ರೆ ಯಾವ ಔಟು?

ನಿಟ್ಟೂರು ಕಡೆಯವನು:

ಅಬ್ಬಾ, ಬಂದೇ ಬಿಟ್ಟರು! ಚೇಳೂರಿನವರು ಹಲಸಿನ ಅಂಟು ಇದ್ದ ಹಾಗೆ, ಎಷ್ಟು ವರ್ಷ ಆದ್ರೂ ಬಿಡಲ್ಲ.

ಮುಳ್ಳಿನ ವಿಷಯ ಗೊತ್ತಿರಲಿಲ್ಲ, ನಿಜವಾಗ್ಲೂ. ಅವನ ಮೇಲೆ ಮರ್ಯಾದೆ ಇನ್ನೂ ಜಾಸ್ತಿ ಆಯ್ತು. ಆದ್ರೆ ಫೌಲ್ ಆಗಿದ್ರೆ ಅಂಪೈರ್ ಅದಕ್ಕೂ ಸೀಟಿ ಊದಬೇಕಿತ್ತಲ್ವಾ? ಊದಿದ್ದು ಒಂದೇ ಸೀಟಿ. ಗೆರೆ ಅಳಿಸಿದ್ದು ಅಂತೀರಿ, ಅವತ್ತು ಬೆಳಗ್ಗೆಯಿಂದ ಅದೇ ಅಂಕಣದಲ್ಲಿ ಆಟ ನಡೆದಿತ್ತು, ಮಧ್ಯಾಹ್ನಕ್ಕೆ ಯಾವ ಗೆರೆ ಉಳಿದಿತ್ತು ಹೇಳಿ.

ಚಿಂತಾಮಣಿ ಅಕ್ಕ:

ನಿಮ್ಮಿಬ್ಬರ ನಡುವೆ ನಮ್ಮ ಖೋನ ಕಳಿಸ್ತೀನಿ ಇರಿ, ಒಂದು ಸಲ ಕಿರುಚಿದ್ರೆ ಇಬ್ಬರೂ ಸುಮ್ನಾಗ್ತೀರ.

ಚೇಳೂರು ಹಲಸು:

ಅಕ್ಕ, ಕಳಿಸಿ ಪರವಾಗಿಲ್ಲ. ಊದಿದ್ದು ಎರಡು ಸೀಟಿ ಅಣ್ಣ. ನಿಮ್ಮ ಕಡೆಯವರು ತಮಟೆ ತಂದು ಬಾರಿಸ್ತಿದ್ದರಲ್ಲ, ಮೊದಲನೆಯದು ನಿಮಗೆ ಕೇಳಿಸಿಲ್ಲ ಅಷ್ಟೇ. ಆ ಹುಡುಗ ಈಗ ತುಮಕೂರಲ್ಲೇ ಇದ್ದಾನೆ, ಇದನ್ನ ಓದಿ ಹೇಳ್ತೀನಿ. ಅಂಗಿಗೆ ಕೈ ತಾಗಿತ್ತಾ ಇಲ್ವಾ ಅಂತ ಅವನನ್ನೇ ಕೇಳಿ ಬರೆಯುತ್ತೇನೆ. ತಾಗಿತ್ತು ಅಂದ್ರೂ ಟ್ರೋಫಿ ಮಾತ್ರ ವಾಪಸ್ ಕೊಡಲ್ಲ.