ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರ್: ಎದುರುನೋಡದೆ ಸಿಕ್ಕ ಅನುಕೂಲಗಳು

ಪ್ರಶ್ನೆ (ಶಿವಮೊಗ್ಗದ ಹವ್ಯಾಸಿ):

ಮರಗೆಲಸದ ಗೆಳೆಯರಿಗೆಲ್ಲ ನಮಸ್ಕಾರ. ಇದುವರೆಗೆ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ ಕೈಯಲ್ಲೇ ಉಜ್ಜುತ್ತಿದ್ದ ನಾನು ಇತ್ತೀಚೆಗೆ ಮರವನ್ನು ಉಜ್ಜಿ ನುಣುಪು ಮಾಡುವ ವಿದ್ಯುತ್ ಯಂತ್ರವಾದ, 125 ಮಿಲಿಮೀಟರ್ ತಟ್ಟೆಯ ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರ್ ಕೊಂಡೆ. ಕೆಲಸ ಬೇಗ ಮುಗಿದರೆ ಸಾಕೆಂದುಕೊಂಡಿದ್ದೆ, ಹಾಗೆಯೇ ಆಯಿತು. ಆದರೆ ನನಗೆ ನಿಜವಾದ ಸಂತೋಷ ಕೊಟ್ಟ ಸಂಗತಿ ಬೇರೆ. ತೇಗದ ಬೀರುವಿನ ಬಾಗಿಲಲ್ಲಿ ನಿಲುವುಪಟ್ಟಿಯೂ ಅಡ್ಡಪಟ್ಟಿಯೂ ಕೂಡುವ ಮೂಲೆಯಲ್ಲಿ ಒಂದರ ಎಳೆ (ಮರದ ನಾರು) ಉದ್ದಕ್ಕೂ ಇನ್ನೊಂದರ ಎಳೆ ಅಡ್ಡಕ್ಕೂ ಓಡುತ್ತದೆ. ಕೈಯಲ್ಲಿ ಉಜ್ಜುವಾಗ ಒಂದು ಪಟ್ಟಿಯ ಎಳೆಯನ್ನು ಹಿಡಿದು ಹೋದ ಕಾಗದ, ಕೂಡುಗೆರೆಯನ್ನು ದಾಟಿದ ಕೂಡಲೇ ಪಕ್ಕದ ಪಟ್ಟಿಯ ಮೇಲೆ ಅಡ್ಡ ಗೀರು ಬಿಡುತ್ತದೆ, ಪಾಲಿಶ್ ಹಚ್ಚಿದ ಮೇಲೆ ಆ ಗೀರುಗಳು ಎದ್ದು ಕಾಣುತ್ತವೆ. ಈ ಯಂತ್ರವನ್ನು ಅದೇ ಕೂಡುಗೆರೆಯ ಮೇಲೆ ಆಚೀಚೆ ಓಡಿಸಿ, 80, 120, 180 ನಂಬರಿನ (ನಂಬರು ಹೆಚ್ಚಿದಷ್ಟೂ ನಯ) ಕಾಗದಗಳನ್ನು ಕ್ರಮವಾಗಿ ಮುಗಿಸಿ, ದೀಪವನ್ನು ಓರೆಯಾಗಿ ಹಿಡಿದು ನೋಡಿದರೂ ಅಡ್ಡ ಗೀರು ಕಣ್ಣಿಗೆ ಬೀಳಲಿಲ್ಲ. ಇದಕ್ಕೆ ಕಾರಣವೇನು? ನಿಮಗೂ ಈ ಯಂತ್ರದಿಂದ ಇಂಥ ಅನಿರೀಕ್ಷಿತ ಲಾಭಗಳು ಸಿಕ್ಕಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1 (ಬೆಂಗಳೂರು, ಪೀಠೋಪಕರಣ ಕೆಲಸ):

ಸರ್, ನೀವು ಗಮನಿಸಿದ ಗುಣಕ್ಕಾಗಿಯೇ ಈ ಯಂತ್ರ ಹುಟ್ಟಿರುವುದು. ಮೋಟಾರಿನ ದಂಡ ತಟ್ಟೆಯನ್ನು ನೇರವಾಗಿ ತಿರುಗಿಸುವುದಿಲ್ಲ. ನಡುವಿನಿಂದ ಒಂದೆರಡು ಮಿಲಿಮೀಟರ್ ಸರಿದು ಕೂತ ಬೇರಿಂಗಿನ ಮೇಲೆ ತಟ್ಟೆ ಬಿಡುಬೀಸಾಗಿ ಕುಳಿತಿರುತ್ತದೆ. ಹೀಗಾಗಿ ಅದು ನಿಮಿಷಕ್ಕೆ ಹೆಚ್ಚುಕಡಿಮೆ 12,000 ಬಾರಿ ಪುಟ್ಟ ಸುತ್ತು ಹಾಕುತ್ತಲೇ, ಜೊತೆಜೊತೆಗೆ ತನ್ನಷ್ಟಕ್ಕೆ ತಾನು ನಿಧಾನವಾಗಿ ತಿರುಗುತ್ತಲೂ ಇರುತ್ತದೆ. ಈ ಎರಡು ಚಲನೆಗಳು ಬೆರೆತಾಗ ಕಾಗದದ ಯಾವುದೇ ಹರಳು ಹೋದ ದಾರಿಯಲ್ಲೇ ಮತ್ತೆ ಹೋಗುವುದು ಅಪರೂಪ. ಗೀರುಗಳು ಇಲ್ಲವೆಂದಲ್ಲ, ಅವು ಬಹಳ ಚಿಕ್ಕವಾಗಿ ಎಲ್ಲ ದಿಕ್ಕಿಗೂ ಹರಡಿರುವುದರಿಂದ ಎಳೆ ಯಾವ ಕಡೆಗಿದ್ದರೂ ಕಣ್ಣಿಗೆ ಒಂದು ಸಾಲಾಗಿ ಕಾಣುವುದಿಲ್ಲ.

ನನಗೆ ಇದರಿಂದ ಸಿಕ್ಕ ದೊಡ್ಡ ಲಾಭವೆಂದರೆ ತೋಳಿಗೆ ಸಿಕ್ಕ ಬಿಡುವು. ಬಲವಾಗಿ ಒತ್ತಿದಷ್ಟೂ ಬೇಗ ನುಣುಪಾಗುತ್ತದೆ ಎಂಬ ಕೈಗೆಲಸದ ರೂಢಿ ಇಲ್ಲಿ ನಡೆಯುವುದಿಲ್ಲ. ಒತ್ತಿದರೆ ತಟ್ಟೆಯ ತಿರುಗುವಿಕೆ ನಿಂತು ಪುಟ್ಟ ಸುತ್ತಷ್ಟೇ ಉಳಿಯುತ್ತದೆ, ಆಗಲೇ ಸುರುಳಿ ಸುರುಳಿಯಾದ ಗೀರುಗಳು ಮೂಡುವುದು. ಯಂತ್ರದ ತೂಕ, ಅದರ ಮೇಲೆ ಇಟ್ಟ ಕೈಯ ತೂಕ ಇಷ್ಟೇ ಸಾಕು. ತಟ್ಟೆಯ ಅಂಚಿನಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದಿಡಿ: ಕೆಲಸದ ನಡುವೆ ಆ ಗೆರೆ ಸುತ್ತುತ್ತಿರುವುದು ಕಂಡರೆ ಒತ್ತಡ ಸರಿಯಾಗಿದೆ, ಒಂದೇ ಕಡೆ ನಿಂತು ನಡುಗುತ್ತಿದ್ದರೆ ಕೈಯನ್ನು ಹಗುರ ಮಾಡಬೇಕು. ಯಂತ್ರವನ್ನು ಆತುರದಿಂದ ಓಡಿಸದೆ, ಒಂದು ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿನಂತೆ ಸಾಗಿಸಿದರೆ ಫಲ ಇನ್ನೂ ಚೆನ್ನಾಗಿರುತ್ತದೆ.

ಉತ್ತರ 2 (ಮೈಸೂರಿನಿಂದ):

ನನಗೆ ಅಚ್ಚರಿಯಾದದ್ದು ಧೂಳಿನ ವಿಷಯದಲ್ಲಿ. ಕಾಗದದ ತೂತುಗಳನ್ನು ತಟ್ಟೆಯ ತೂತುಗಳಿಗೆ ಸರಿಯಾಗಿ ಹೊಂದಿಸಿ, ಹಿಂದಿನ ಕೊಳವೆಗೆ ವ್ಯಾಕ್ಯೂಮ್ ಕ್ಲೀನರ್ ಜೋಡಿಸಿದರೆ ಬಹುಪಾಲು ಧೂಳು ಮೇಲೇಳುವ ಮುನ್ನವೇ ಒಳಗೆ ಹೋಗುತ್ತದೆ. ಮನೆ ಸ್ವಚ್ಛವಾಗಿರುತ್ತದೆ ಎಂಬುದು ಗೊತ್ತಿದ್ದ ವಿಷಯ. ಕಾಗದ ಹೆಚ್ಚು ದಿನ ಬಾಳುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಹರಳುಗಳ ಸಂದಿಯಲ್ಲಿ ಹುಡಿ ಕಟ್ಟಿಕೊಳ್ಳದಿರುವುದರಿಂದ ಕಾಗದ ಬಿಸಿಯಾಗುವುದಿಲ್ಲ, ಬೇಗ ಮೊಂಡಾಗುವುದಿಲ್ಲ. ಉದುರಿದ ಒರಟು ಹರಳು ನಯವಾದ ಮೈಮೇಲೆ ಉಳಿದು ಗೀರು ಹಾಕುವ ಭಯವೂ ತಗ್ಗುತ್ತದೆ. ಯಂತ್ರದ ಜೊತೆ ಬರುವ ಪುಟ್ಟ ಚೀಲದಿಂದ ಈ ಮಟ್ಟದ ಫಲ ಸಿಗುವುದಿಲ್ಲ.

ಇಷ್ಟಾದರೂ ಮಾಸ್ಕ್ ಧರಿಸುವುದನ್ನು ಯಾರೂ ಬಿಡಬಾರದೆಂದು ಒತ್ತಾಯದಿಂದ ಹೇಳುತ್ತೇನೆ. ಕಣ್ಣಿಗೆ ಕಾಣದ ಸಣ್ಣ ಹುಡಿಯೇ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಬೀಟೆಯ ಹುಡಿ ಕೆಲವರಿಗೆ ಚರ್ಮದಲ್ಲಿ ತುರಿಕೆಯನ್ನೂ ತರುತ್ತದೆ.

ಉತ್ತರ 3 (ದಕ್ಷಿಣ ಕನ್ನಡದಿಂದ):

ನಮ್ಮ ಕಡೆ ಹಲಸಿನ ಮರದ ಕೆಲಸ ಹೆಚ್ಚು. ಅದರ ಎಳೆ ಹಲವು ಕಡೆ ಅತ್ತಿತ್ತ ಹೆಣೆದುಕೊಂಡಿರುವುದರಿಂದ ಹತ್ತರಿ ಹೊಡೆದರೆ ಒಂದು ಕಡೆ ನಯವಾಗಿ, ಅದರ ಪಕ್ಕದಲ್ಲೇ ಸಿಬರು ಕಿತ್ತು ಬರುತ್ತದೆ. ಅಂಥ ಹಲಗೆಯನ್ನೂ ಈ ಯಂತ್ರ ಸಮನಾಗಿ ನುಣುಪು ಮಾಡುವುದು ನನಗೆ ಬಹಳ ಹಿಡಿಸಿತು.

ಆದರೆ ಎರಡು ಕಡೆ ಎಚ್ಚರ ಬೇಕು. ವೆನಿಯರ್ (ತೆಳು ಮರದ ಹಾಳೆ) ಅಂಟಿಸಿದ ಪ್ಲೈವುಡ್ಡಿನ ಮೇಲ್ಪದರ ಬಹಳ ತೆಳು. 80ರ ಕಾಗದ ಒಂದೇ ಜಾಗದಲ್ಲಿ ನಿಂತರೆ, ಅದರಲ್ಲೂ ಅಂಚಿನಲ್ಲಿ ತಟ್ಟೆ ಹೊರಗೆ ಚಾಚಿ ವಾಲಿದರೆ, ಪದರ ತೂರಿ ಒಳಗಿನ ಮರ ಕಾಣಿಸುತ್ತದೆ. ಒಳಮೂಲೆಗಳಿಗೆ ದುಂಡು ತಟ್ಟೆ ಹೋಗುವುದೇ ಇಲ್ಲ. ಅಲ್ಲಿ ಹಳೆಯ ಉಪ್ಪುಕಾಗದವೇ ಗತಿ. ಯಂತ್ರದ ಕೆಲಸ ಮುಗಿದ ಮೇಲೆ, ಕೊನೆಗೆ ಬಳಸಿದ ನಂಬರಿನ ಕಾಗದದಿಂದಲೇ ಎಳೆಯುದ್ದಕ್ಕೂ ಕೈಯಲ್ಲಿ ನಾಲ್ಕೈದು ಸಲ ಉಜ್ಜಿದರೆ, ಬಣ್ಣದ ಸ್ಟೇನ್ ಹಚ್ಚಿದಾಗಲೂ ಸುರುಳಿ ಗೀರು ತೋರುವುದಿಲ್ಲ. ನಿಮ್ಮ ಬಾಗಿಲ ಮೂಲೆಯಲ್ಲಾದರೆ ಮೊದಲು ಅಡ್ಡಪಟ್ಟಿಯನ್ನು ಕೂಡುಗೆರೆಯವರೆಗೆ ಉಜ್ಜಿ, ಆಮೇಲೆ ನಿಲುವುಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಉಜ್ಜಿರಿ.